ಡೇಕೇರ್ ರಸೀದಿ ನಂಬಿ 23,480 ರೂಪಾಯಿ ಕಳೆದುಕೊಂಡವಳ ಉತ್ತರ

ಸಾಗರದಲ್ಲಿ ಗಂಡ ಹೆಂಡತಿ ಇಬ್ಬರೂ ಪ್ರೈವೇಟ್ ಕೆಲಸ, ನಿಮಗೆ ವರ್ಷಕ್ಕೆ 9 ಲಕ್ಷ, ಅವರಿಗೆ 6 ಲಕ್ಷ, ಒಂದೂವರೆ ವರ್ಷದ ಮಗು, ಡೇಕೇರ್‌ಗೆ ತಿಂಗಳಿಗೆ 5,000. ಈ ಖರ್ಚಿಗೆ ಹಳೇ ಟ್ಯಾಕ್ಸ್ ರಿಜೀಮ್‌ನಲ್ಲಿ (ಉಳಿತಾಯ, ಖರ್ಚು ತೋರಿಸಿ ತೆರಿಗೆ ಇಳಿಸಿಕೊಳ್ಳುವ ಪದ್ಧತಿ) ಜಾಸ್ತಿ ಉಳಿಯುತ್ತದೋ ಹೊಸದರಲ್ಲೋ (ಅಂಥ ಕಳೆತ ಬಹುತೇಕ ಇಲ್ಲದ ಪದ್ಧತಿ) ಅಂತ ಕೇಳಿದ್ದೀರಿ. 2023ರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಕ್ಯಾಲ್ಕುಲೇಟರ್ ಕುಟ್ಟುತ್ತಾ ಕೂತಿದ್ದೆ.

ನನ್ನ ಕೆಲಸ ಮಾಚೇನಹಳ್ಳಿ ಕಡೆ ಒಂದು ಕಂಪನಿಯಲ್ಲಿ, ಮನೆ ಶಿವಮೊಗ್ಗದ ವಿನೋಬನಗರ. ಅಮ್ಮ ಇರೋದು ತೀರ್ಥಹಳ್ಳಿಯಲ್ಲಿ. ಅಡಿಕೆ ಕೊಯ್ಲು ಶುರುವಾದರೆ ಅವರನ್ನು ಕರೆಯುವ ಹಾಗೇ ಇಲ್ಲ. ಹಾಗಾಗಿ ಮಗಳನ್ನು ಡೇಕೇರ್‌ಗೆ ಬಿಟ್ಟೆವು, ತಿಂಗಳಿಗೆ 4,500. ಕಾರ್ಬನ್ ಹಾಳೆ ಇಟ್ಟು ಬರೆದ ರಸೀದಿ, ಕೆಳಗೆ ನೇರಳೆ ಬಣ್ಣದ ಸೀಲು. ಒಂದೊಂದನ್ನೂ ಪಿನ್ ಹೊಡೆದು ಎತ್ತಿಟ್ಟೆ. ಕಂಪನಿಗೆ ಹಳೇ ರಿಜೀಮ್ ಅಂತಲೇ ಬರೆದುಕೊಟ್ಟೆ.

ನನ್ನ ಲೆಕ್ಕ ಹೀಗಿತ್ತು. ಸಂಬಳ 7 ಲಕ್ಷ. ಅದರಲ್ಲಿ ಸಂಬಳದವರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400 ಕಳೆಯುತ್ತದೆ. ಉಳಿತಾಯದಂಥವನ್ನು ಆದಾಯದಿಂದ ಕಳೆಯಲು ಬಿಡುವ 80ಸಿ ಕಲಂ ಒಳಗೆ ಪಿಎಫ್ 43,200, ಎಲ್‌ಐಸಿ 30,000, ಮಗಳ ಸುಕನ್ಯಾ ಖಾತೆಗೆ 24,000, ಡೇಕೇರ್ 54,000. ಮಿತಿ ಇರೋದು ಒಂದೂವರೆ ಲಕ್ಷ, ಭರ್ತಿ ಆಯಿತು. ಉಳಿದ ಆದಾಯ 4,97,600. ಐದು ಲಕ್ಷದೊಳಗೆ ಬಂದರೆ ರಿಬೇಟ್ (ತೆರಿಗೆ ಮಾಫಿ) ಸಿಕ್ಕಿ ತೆರಿಗೆ ಸೊನ್ನೆ. ನಮ್ಮವರಿಗೆ ತೋರಿಸಿ ಬೀಗಿದ್ದೇ ಬೀಗಿದ್ದು.

ಜನವರಿಯಲ್ಲಿ ಅಕೌಂಟ್ಸ್‌ನವರು ರಸೀದಿ ಕಟ್ಟನ್ನು ವಾಪಸ್ ಕೊಟ್ಟರು. ‘ಡೇಕೇರ್ ಶುಲ್ಕ, ಊಟ ಸೇರಿ’ ಅನ್ನುವ ಸಾಲಿನ ಕೆಳಗೆ ಕೆಂಪು ಗೆರೆ. ಮಕ್ಕಳ ಖರ್ಚಿನಲ್ಲಿ 80ಸಿಗೆ ಸೇರುತ್ತಿದ್ದದ್ದು ಟ್ಯೂಷನ್ ಫೀ ಮಾತ್ರ, ಅದೂ ಇಬ್ಬರು ಮಕ್ಕಳವರೆಗೆ. ಪ್ಲೇಸ್ಕೂಲ್, ನರ್ಸರಿಯ ಟ್ಯೂಷನ್ ಫೀ ನಡೆಯುತ್ತದೆ. ಮಗು ನೋಡಿಕೊಂಡ ದುಡ್ಡು, ಊಟ, ವ್ಯಾನು, ಡೊನೇಷನ್ ನಡೆಯುವುದಿಲ್ಲ. 54,000 ಬಿದ್ದುಹೋಯಿತು. ಆದಾಯ 5,50,400 ಆಯಿತು, ರಿಬೇಟ್ ತಪ್ಪಿತು, ಸೆಸ್ ಸೇರಿ 23,480 ತೆರಿಗೆ. ಫೆಬ್ರವರಿ, ಮಾರ್ಚ್ ಸಂಬಳದಲ್ಲಿ ಅರ್ಧರ್ಧ ಹಿಡಿದರು.

ಇಲ್ಲಿಯವರೆಗೆ ಆದದ್ದು ಗೊತ್ತಿಲ್ಲದೆ ಆದದ್ದು. ನಿಜವಾದ ತಪ್ಪು ಮಾಡಿದ್ದು ಜುಲೈನಲ್ಲಿ. ಕಂಪನಿಗೆ ಏನೇ ಬರೆದುಕೊಟ್ಟಿದ್ದರೂ ಸಂಬಳದವರು ರಿಟರ್ನ್ ತುಂಬುವಾಗ ರಿಜೀಮ್ ಬದಲಿಸಬಹುದು. ನನಗೋ, ಸಂಬಳ ಮತ್ತು ಹಿಡಿದ ತೆರಿಗೆ ತೋರಿಸಿ ಕಂಪನಿ ಕೊಡುವ ಫಾರ್ಮ್ 16 ಕೈಗೆ ಬಂತು ಅಂದರೆ ಅಲ್ಲಿಗೆ ಮುಗೀತು. ಹೊರಗೆ ಮಳೆ ಹೊಯ್ಯುತ್ತಿದೆ, ಕರೆಂಟಿಲ್ಲ, ಲ್ಯಾಪ್‌ಟಾಪಿಗೆ ಮೊಬೈಲಿನ ಹಾಟ್‌ಸ್ಪಾಟು. ಹೊಸ ರಿಜೀಮ್‌ನಿಂದ ಹೊರಗಿರುತ್ತೀರಾ ಅಂತ ರಿಟರ್ನ್ ಫಾರ್ಮ್ ಕೇಳಿತು. ‘ಹೌದು’ ಅಂತ ಒತ್ತಿದೆ. ಫಾರ್ಮ್ 16ರಲ್ಲಿ ಹಾಗೇ ಇತ್ತಲ್ಲ! ‘ಇಲ್ಲ’ ಅಂತ ಒತ್ತಿದ್ದರೆ ಏಳು ಲಕ್ಷದಲ್ಲಿ 50,000 ಕಳೆದು ಆರೂವರೆ ಲಕ್ಷ. ಆ ವರ್ಷ ಹೊಸ ರಿಜೀಮ್‌ನಲ್ಲಿ 7 ಲಕ್ಷದವರೆಗೆ ರಿಬೇಟ್ ಇತ್ತು. ಹಿಡಿದ ದುಡ್ಡೆಲ್ಲ ವಾಪಸ್ ಬರುತ್ತಿತ್ತು. ಪಿಎಫ್ ತೋರಿಸಬೇಕಿರಲಿಲ್ಲ, ಎಲ್‌ಐಸಿ ಬೇಕಿರಲಿಲ್ಲ, ರಸೀದಿಯಂತೂ ಬೇಡವೇ ಬೇಡ. ಒಂದು ಒತ್ತು ತಪ್ಪಿದ್ದಕ್ಕೆ ಐದು ತಿಂಗಳ ಡೇಕೇರ್ ದುಡ್ಡು ಹೋಯಿತು. ಪಕ್ಕದ ಟೇಬಲ್‌ನವಳು ಹೀಗೇ ಬದಲಿಸಿ ರೀಫಂಡ್ ತಗೊಂಡಿದ್ದಳು. ಅವಳು ಬಾಯಿ ಬಿಡುವಷ್ಟರಲ್ಲಿ ಮುಂದಿನ ಫೆಬ್ರವರಿ, ತಿದ್ದುವ ಕಾಲವೂ ಮುಗಿದಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ, ಬೇಜಾರು ಮಾಡ್ಕೋಬೇಡಿ. ಡೇಕೇರ್‌ಗೆ ಅಂತ ಎರಡು ರಿಜೀಮ್‌ನಲ್ಲೂ ಏನೂ ಇಲ್ಲ. ಇಂಗ್ಲೆಂಡಿನಲ್ಲಿ ಅಪ್ಪ ಅಮ್ಮ 8 ಪೌಂಡ್ ಹಾಕಿದರೆ ಸರ್ಕಾರ 2 ಪೌಂಡ್ ಸೇರಿಸುತ್ತದಂತೆ. ನಾನು ಹಳೇ ರಿಜೀಮ್‌ನಲ್ಲಿದ್ದಾಗ ಇಲ್ಲಿದ್ದದ್ದು ಮಕ್ಕಳ ಶಿಕ್ಷಣ ಭತ್ಯೆ ಅಂತ ತಿಂಗಳಿಗೆ 100 ರೂಪಾಯಿ ವಿನಾಯಿತಿ. ವಿನಾಯಿತಿ ಅಂದರೆ ಅಷ್ಟು ದುಡ್ಡಿಗೆ ತೆರಿಗೆ ಇಲ್ಲ ಅಂತ, 100 ರೂಪಾಯಿ ಕೈಗೆ ಬರುತ್ತದೆ ಅಂತಲ್ಲ! ಇನ್ನು 2025-26ರಿಂದ ಹೊಸ ರಿಜೀಮ್‌ನಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆ ಸೊನ್ನೆ. ನೀವಿಬ್ಬರೂ ಬೇರೆ ಬೇರೆಯಾಗಿ ಅದರೊಳಗೇ ಇದ್ದೀರಿ. ಹೋಲಿಸಿ ನೋಡೋಕೆ ಏನು ಉಳಿಯಿತು?

ತಲೆ ಕೆಡಿಸಿಕೊಳ್ಳುವುದಾದರೆ ಬೇರೆ ಕಡೆ ಕೆಡಿಸಿಕೊಳ್ಳಿ. ಪಂಚಾಯಿತಿಯ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ ಶುರುವಾದದ್ದು ಹಳ್ಳಿಯಲ್ಲಿ ನರೇಗಾದಂಥ ಕೂಲಿ ಕೆಲಸಕ್ಕೆ ಹೋಗುವವರ ಮಕ್ಕಳಿಗೆ, ನಮಗಲ್ಲ. ಆದರೆ ನಿಮ್ಮ ಮನೆಯವರ ಆಫೀಸಿನಲ್ಲಿ ಎಷ್ಟು ಜನ ಇದ್ದಾರೆ? 50 ಅಥವಾ ಜಾಸ್ತಿ ಇದ್ದರೆ ಅಲ್ಲೋ ಹತ್ತಿರದಲ್ಲೋ ಕ್ರೆಷ್, ಅಂದರೆ ಕೆಲಸದ ಕಡೆಯಿಂದಲೇ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಇರಲೇಬೇಕು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಾಗಿನಿಂದ ಇದು ಇದೆ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿಕೊಂಡು ಬರಬಹುದು.

ನಮ್ಮಲ್ಲಿ ಇನ್ನೂರು ಚಿಲ್ಲರೆ ಜನ. ಕ್ರೆಷ್ ಇರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಹನ್ನೊಂದು ಹೆಂಗಸರು ಸಹಿ ಹಾಕಿ ಎಚ್‌ಆರ್‌ಗೆ ಅರ್ಜಿ ಕೊಟ್ಟೆವು. ಮೂರು ತಿಂಗಳು ಸದ್ದಿಲ್ಲ. ಆಮೇಲೊಂದು ದಿನ ಸ್ಟೋರ್ ಪಕ್ಕದ ಕೋಣೆ ಖಾಲಿ ಮಾಡಿಸಿ, ಚಾಪೆ ಹಾಸಿ, ಒಬ್ಬರು ಆಯಾ ಇಟ್ಟರು. ಅಷ್ಟೊತ್ತಿಗೆ ನನ್ನ ಮಗಳು ಪ್ಲೇಸ್ಕೂಲ್ ಸೇರಿಯಾಗಿತ್ತು. ಪಕ್ಕದ ಟೇಬಲ್‌ನವಳ ಮಗ ಈಗ ಅಲ್ಲಿ ಮಧ್ಯಾಹ್ನ ಗೊರಕೆ ಹೊಡೆಯುತ್ತಾನೆ.