‘ದಿ ಇನ್ಹೆರಿಟೆನ್ಸ್’ ನಾಟಕ ಓದುವ ಮೊದಲು ‘ಹೋವರ್ಡ್ಸ್ ಎಂಡ್’ ಓದಲೇಬೇಕಾ?

ಓದಲೇಬೇಕು ಅಂತೇನಿಲ್ಲ, ಕಥೆ ಅರ್ಥವಾಗುತ್ತದೆ. ಆದರೆ ನಾಟಕಕಾರ ಮ್ಯಾಥ್ಯೂ ಲೋಪೆಜ್ ಎಲ್ಲಿ ಕಾದಂಬರಿಕಾರ ಇ. ಎಂ. ಫಾರ್ಸ್ಟರ್‌ನ ಹಿಂದೆ ನಡೆದಿದ್ದಾನೆ, ಎಲ್ಲಿ ಅವನಿಗೇ ತಿರುಗಿಬಿದ್ದಿದ್ದಾನೆ ಅನ್ನುವುದು ಕಾದಂಬರಿ ಗೊತ್ತಿದ್ದವರಿಗಷ್ಟೇ ಕಾಣುತ್ತದೆ. ನನಗೆ ಹಿಡಿಸಿದ್ದು ಆ ತಿರುಗಿಬೀಳುವಿಕೆಯೇ.

ಕಾದಂಬರಿ 1910ರದು. ನಾಟಕ ಮೊದಲು ರಂಗಕ್ಕೆ ಬಂದದ್ದು 2018ರಲ್ಲಿ, ಲಂಡನ್ನಿನ ಯಂಗ್ ವಿಕ್ ರಂಗಮಂದಿರದಲ್ಲಿ. ಕಥೆ ಮಾತ್ರ ನ್ಯೂಯಾರ್ಕಿನ ಸಲಿಂಗಿ ಗಂಡಸರದು. ಮೇಲ್ನೋಟದ ಹೋಲಿಕೆಗಳನ್ನು ಹುಡುಕಬೇಕಾಗಿಲ್ಲ. ಅಲ್ಲಿ ಹೆಲೆನ್ ಅಕ್ಕ ಮಾರ್ಗರೆಟ್‌ಗೆ ಬರೆದ ಪತ್ರಗಳಿಂದ ಶುರು, ಇಲ್ಲಿ ಟೋಬಿ ತನ್ನ ಸಂಗಾತಿ ಎರಿಕ್‌ಗೆ ಬಿಟ್ಟ ವಾಯ್ಸ್‌ಮೇಲ್‌ಗಳಿಂದ. ಮಾರ್ಗರೆಟ್ ಜಾಗದಲ್ಲಿ ಎರಿಕ್. ಹೆನ್ರಿ ವಿಲ್ಕಾಕ್ಸ್‌ನ ಹೆಸರನ್ನಂತೂ ಬದಲಿಸಿಯೇ ಇಲ್ಲ. (ಕಾದಂಬರಿಯ 1992ರ ಸಿನಿಮಾದಲ್ಲಿ ಹೆನ್ರಿಯ ಹೆಂಡತಿ ರೂತ್ ವಿಲ್ಕಾಕ್ಸ್ ಆಗಿದ್ದ ವನೆಸ್ಸಾ ರೆಡ್‌ಗ್ರೇವ್ ಲಂಡನ್ ಪ್ರಯೋಗದಲ್ಲೂ ಇದ್ದರು, ನಾಟಕದ ಏಕೈಕ ಹೆಣ್ಣು ಪಾತ್ರದಲ್ಲಿ.)

ನಿಜವಾದ ಕೆಲಸ ನಡೆದಿರುವುದು ಮನೆಯ ವಿಷಯದಲ್ಲಿ. ಕಾದಂಬರಿಯಲ್ಲಿ ರೂತ್ ಸಾಯುವ ಮುಂಚೆ ತನ್ನ ಮನೆ ಮಾರ್ಗರೆಟ್‌ಗೆ ಸೇರಲಿ ಎಂದು ಪೆನ್ಸಿಲ್ಲಿನಲ್ಲಿ ಗೀಚಿಟ್ಟ ಚೀಟಿಯನ್ನು ಮನೆಯವರು ಬೆಂಕಿಗೆ ಹಾಕುತ್ತಾರೆ. ನಾಟಕದಲ್ಲೂ ಹೆನ್ರಿಯ ಸಂಗಾತಿ ವಾಲ್ಟರ್ ತನ್ನ ಮನೆಯನ್ನು ಎರಿಕ್‌ಗೆ ಬಿಟ್ಟಿದ್ದನ್ನು ಹೆನ್ರಿ ಮತ್ತು ಮಕ್ಕಳು ಮುಚ್ಚಿಹಾಕುತ್ತಾರೆ. ಆದರೆ ಇದು ಏಡ್ಸ್‌ನಿಂದ ಸಾಯುತ್ತಿದ್ದ ಗೆಳೆಯರನ್ನು ವಾಲ್ಟರ್ ಕರೆತಂದು ಆರೈಕೆ ಮಾಡಿದ ಮನೆ. ಹಾಗಾಗಿ ಎರಿಕ್‌ಗೆ ತಪ್ಪುವುದು ಬರೀ ಆಸ್ತಿಯಲ್ಲ, ಹಿಂದಿನ ತಲೆಮಾರಿನ ನೆನಪು. ಮೊದಲ ಭಾಗದ ಕೊನೆಗೆ ಆ ಸತ್ತವರೆಲ್ಲ ಬಂದು ಎರಿಕ್‌ನನ್ನು ಎದುರುಗೊಳ್ಳುವುದು ಅದಕ್ಕೇ.

ಫಾರ್ಸ್ಟರನೂ ‘ಮಾರ್ಗನ್’ ಎಂಬ ಪಾತ್ರವಾಗಿ ಸೂತ್ರಧಾರನ ಹಾಗೆ ಇರುತ್ತಾನೆ, ಹುಡುಗರಿಗೆ ಕಥೆ ಕಟ್ಟುವುದನ್ನು ಹೇಳಿಕೊಡುತ್ತಾನೆ. ಅದೇ ಹುಡುಗರು ಅವನನ್ನು ತರಾಟೆಗೂ ತೆಗೆದುಕೊಳ್ಳುತ್ತಾರೆ. ಯಾಕೆಂದರೆ ತನ್ನ ಸಲಿಂಗ ಪ್ರೇಮದ ಕಾದಂಬರಿ ‘ಮಾರಿಸ್’ ಅನ್ನು 1914ರ ಹೊತ್ತಿಗೇ ಬರೆದಿದ್ದವನು ಬದುಕಿರುವ ತನಕ ಅಚ್ಚು ಹಾಕಿಸಲಿಲ್ಲ. ಅದು ಹೊರಬಂದದ್ದು 1971ರಲ್ಲಿ, ಅವನು ತೀರಿಕೊಂಡ ಮೇಲೆ.

ಕೊನೆ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ. ಓದಿನ ಹಂಬಲವಿದ್ದ ಬಡ ಗುಮಾಸ್ತ ಲಿಯೊನಾರ್ಡ್ ಬ್ಯಾಸ್ಟ್‌ನನ್ನು ಫಾರ್ಸ್ಟರ್ ಸಾಯಿಸುತ್ತಾನೆ, ಅದೂ ಪುಸ್ತಕದ ಕಪಾಟು ಮೈಮೇಲೆ ಬೀಳಿಸಿ. ಎಂಥಾ ಕ್ರೂರ ತಮಾಷೆ! ಲೋಪೆಜ್ ಅದನ್ನು ಒಪ್ಪುವುದಿಲ್ಲ. ಅವನ ಲಿಯೊ ಬೀದಿಗೆ ಬಿದ್ದವನು, ಎಚ್‌ಐವಿ ತಗುಲಿದವನು. ಅವನು ಉಳಿಯುತ್ತಾನೆ, ಈ ಕಥೆ ಬರೆಯುವವನೂ ಅವನೇ ಆಗುತ್ತಾನೆ. ಸಾಯುವುದು ಟೋಬಿ. ಎರಡನೇ ಭಾಗ ಅಲ್ಲಲ್ಲಿ ಭಾಷಣವಾಗಿ ಎಳೆದಂತಿದ್ದರೂ ಈ ಒಂದು ತಿದ್ದುಪಡಿಗಾಗಿ ನಾನು ಕ್ಷಮಿಸಿದ್ದೇನೆ.

ಇಡೀ ಕಾದಂಬರಿ ಓದಲು ಬಿಡುವಿಲ್ಲದಿದ್ದರೆ 11 ಮತ್ತು 41ನೇ ಅಧ್ಯಾಯಗಳನ್ನಾದರೂ (ಚೀಟಿ ಸುಡುವುದು, ಲಿಯೊನಾರ್ಡ್ ಸಾಯುವುದು ಅಲ್ಲೇ) ಓದಿಕೊಂಡು ನಾಟಕ ಹಿಡಿಯಿರಿ.