ಡಿಗ್ರಿ ಮುಗಿಸಿ ಎರಡು ವರ್ಷದಿಂದ ಊರಲ್ಲೇ ಇದ್ದೇನೆ. ಗ್ರಾಮ ಪಂಚಾಯ್ತಿಯವರು ನಿರುದ್ಯೋಗಕ್ಕೆ ಏನಾದರೂ ಮಾಡ್ತಾರಾ, ಇಲ್ಲ ಬೆಂಗಳೂರಿಗೆ ಹೋಗೋದೇ ಸರಿಯಾ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ 2020ರ ಮೇ ತಿಂಗಳು ನೆನಪಾಯಿತು. ನಾನೂ ಬಿ.ಎ. ಮುಗಿಸಿದವನು. ಬೆಂಗಳೂರಿನ ಒಂದು ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ ಮಾಡಿಕೊಂಡಿದ್ದೆ. ಲಾಕ್‌ಡೌನ್ ಆಯಿತು, ಗೋಡೌನ್ ಮುಚ್ಚಿತು. ಕೊಪ್ಪಳ ಜಿಲ್ಲೆಯ ನಮ್ಮ ಹಳ್ಳಿಗೆ ವಾಪಸ್ ಬಂದೆ. ನಮ್ಮ ಓಣಿಯೊಂದಕ್ಕೇ ಹಾಗೆ ಬಂದವರು ಹದಿನಾರು ಜನ. ಕೆಲವರು ಮಂಗಳೂರಿನಿಂದ, ಕೆಲವರು ಗೋವಾದಿಂದ.

ಮನೆಯಲ್ಲಿ ಎರಡು ಎಕರೆ ಹೊಲ, ಅದೂ ಮಳೆ ನಂಬಿದ್ದು. ಉದ್ಯೋಗ ಖಾತ್ರಿಯಲ್ಲಿ, ಅಂದರೆ ಕೇಳಿದವರಿಗೆ ಪಂಚಾಯ್ತಿ ಮೂಲಕ ಕೂಲಿ ಕೆಲಸ ಕೊಡುವ ಸರ್ಕಾರದ ಯೋಜನೆಯಲ್ಲಿ, ಆ ವರ್ಷ ದಿನಕ್ಕೆ 275 ರೂಪಾಯಿ ಕೂಲಿ ಇತ್ತು. ಹೆಣ್ಣಾಳಿಗೂ ಗಂಡಾಳಿಗೂ ಒಂದೇ. ನಮ್ಮವ್ವ ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಹೋದರೆ ಅದರ ಅರ್ಧ ಸಿಗುತ್ತಿತ್ತು ಅಷ್ಟೇ. ಹಾಗಾಗಿ ಎಲ್ಲರೂ ಪಂಚಾಯ್ತಿಗೆ ಹೋಗೋಣ ಅಂದರು. ಓದಿದವನು ಅಂತ ನನ್ನನ್ನು ಮುಂದೆ ಮಾಡಿದರು.

ತಪ್ಪು ಆದದ್ದು ಅಲ್ಲೇ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ತಂಗಿಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದೆ. ಮೇಲೆ ‘ನಮಗೆ ಕೆಲಸ ಬೇಕು’ ಅಂತ ಬರೆದೆ. ಕೆಳಗೆ ಇಪ್ಪತ್ತೆರಡು ಹೆಸರು. ಸಹಿ ಬಾರದವರದ್ದು ಹೆಬ್ಬೆಟ್ಟು. ನಮ್ಮ ದೊಡ್ಡವ್ವ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು, ‘ಬರೋಬ್ಬರಿ ಮೂಡೇತೇನಪಾ?’ ಅಂತ ಕೇಳಿದಳು. ಆ ಹಾಳೆಯನ್ನು ಪಂಚಾಯ್ತಿಯಲ್ಲಿ ಕೂತಿದ್ದ ಸಿಬ್ಬಂದಿಗೆ ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ರಿಜಿಸ್ಟರಿನೊಳಗೆ ಇಟ್ಟುಕೊಂಡು, ‘ಆತು, ಕೆಲಸ ಬಂದ ಕೂಡಲೇ ಹೇಳಿ ಕಳಿಸ್ತೀವಿ’ ಅಂದರು. ನಮಸ್ಕಾರ ಮಾಡಿ ಬಂದೆ.

ಹಾಳೆಯ ಮೇಲೆ ತಾರೀಖು ಹಾಕಿರಲಿಲ್ಲ. ಎಷ್ಟು ದಿನದ ಕೆಲಸ ಬೇಕು ಅಂತ ಬರೆದಿರಲಿಲ್ಲ. ಜಾಬ್ ಕಾರ್ಡ್ (ಉದ್ಯೋಗ ಖಾತ್ರಿಗೆ ಮನೆಯ ಹೆಸರು ನೋಂದಾಯಿಸಿ ಕೊಡುವ ಚೀಟಿ) ನಂಬರ್ ಇರಲಿಲ್ಲ. ನನ್ನ ಹತ್ತಿರ ಇನ್ನೊಂದು ಪ್ರತಿ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೊಟ್ಟಿದ್ದಕ್ಕೆ ರಸೀದಿ ತೆಗೆದುಕೊಳ್ಳಲಿಲ್ಲ. ಕೆಲಸ ಕೇಳಲು ನಮೂನೆ 6 ಅಂತ ಒಂದು ಅರ್ಜಿ ಇದೆ ಅನ್ನೋದೇ ಗೊತ್ತಿರಲಿಲ್ಲ.

ಆ ರಸೀದಿಗೆ ಯಾಕೆ ಅಷ್ಟು ಬೆಲೆ ಅಂದರೆ, ಕಾನೂನಿನ ಗಡಿಯಾರ ಓಡೋದೇ ಅದರ ಮೇಲಿನ ತಾರೀಖಿನಿಂದ. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು. ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆ ಇಲ್ಲದಂತೆ. ಈ ಭತ್ಯೆ ರಾಜ್ಯ ಸರ್ಕಾರದ ತಲೆಮೇಲೆ ಬೀಳುತ್ತೆ. ಹಾಗಾಗಿ ರಸೀದಿ ಹೊರಗೆ ಹೋಯಿತು ಅಂದರೆ ಮೇಲಿನವರೆಲ್ಲ ಎಚ್ಚರವಾಗುತ್ತಾರೆ. ರಸೀದಿ ಇಲ್ಲದ ಹಾಳೆಗೆ ಯಾರೂ ಎಚ್ಚರವಾಗುವ ಅಗತ್ಯವೇ ಇಲ್ಲ.

ನಾವು ಏಳು ವಾರ ಕಾದೆವು. ನಾನು ನಾಲ್ಕು ಸಲ ಹೋಗಿ ಕೇಳಿದೆ. ಕೊನೆಗೆ ತಾಲ್ಲೂಕು ಪಂಚಾಯ್ತಿಗೆ ಹೋದೆವು. ಅಲ್ಲಿನವರು ಒಂದೇ ಮಾತು ಕೇಳಿದರು: ‘ಯಾವತ್ತು ಅರ್ಜಿ ಕೊಟ್ಟೀರಿ? ಸ್ವೀಕೃತಿ ತೋರಿಸ್ರಿ.’ ನನ್ನ ಬಾಯಿ ಕಟ್ಟಿತು. ವಾಪಸ್ ಬಂದು ಹುಡುಕಿದರೆ ಆ ಹಾಳೆ ರಿಜಿಸ್ಟರಿನಲ್ಲೂ ಸಿಗಲಿಲ್ಲ.

ಭತ್ಯೆ ಬಂದಿದ್ದರೆ ಮೊದಲ 30 ದಿನಕ್ಕೇ ಒಬ್ಬೊಬ್ಬರಿಗೆ ಎರಡು ಸಾವಿರ ಚಿಲ್ಲರೆ ಆಗುತ್ತಿತ್ತು. ಆದರೆ ನಿಜವಾದ ನಷ್ಟ ಅದಲ್ಲ. ನಮ್ಮೂರ ಕೆರೆಯ ಹೂಳು ತೆಗೆಯುವ ಕೆಲಸ ಮೇ ತಿಂಗಳಿನಲ್ಲಿ ಮಾತ್ರ ಆಗುತ್ತೆ. ಜೂನ್ ಕೊನೆಗೆ ಕೆರೆಯಲ್ಲಿ ನೀರು ನಿಂತಿತ್ತು. ಹೋಯಿತು, ಆ ವರ್ಷದ ಕೆಲಸವೇ ಹೋಯಿತು. ಅವ್ವನ ಕಿವಿಯೋಲೆ ಅಡವಿಟ್ಟು ಬಿತ್ತನೆ ಬೀಜ ತಂದೆವು. ಹದಿನಾರರಲ್ಲಿ ಒಂಬತ್ತು ಜನ ಬಸ್ಸು ಬಿಟ್ಟ ಕೂಡಲೇ ಗುಳೆ ಹೋದರು. ದೊಡ್ಡವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರ ಆಗುತ್ತಿತ್ತು.

ದುಡ್ಡಿನ ಕೊರತೆಯಿಂದ ಹೀಗಾಯಿತು ಅಂದುಕೊಳ್ಳಬೇಡಿ. ಅದೇ ಮೇ ತಿಂಗಳು ಕೇಂದ್ರ ಸರ್ಕಾರ ಈ ಯೋಜನೆಗೆ 40,000 ಕೋಟಿ ಜಾಸ್ತಿ ಕೊಟ್ಟಿತ್ತು. ನಮ್ಮ ಹೆಸರು ಯಾವ ಲೆಕ್ಕದಲ್ಲೂ ಇರಲಿಲ್ಲ, ಅಷ್ಟೇ.

ಅದಕ್ಕೇ ‘ಪಂಚಾಯ್ತಿಯವರು ಏನಾದರೂ ಮಾಡ್ತಾರಾ’ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ನೀವು ಎರಡು ವರ್ಷದಿಂದ ಖಾಲಿ ಕೂತಿದ್ದೀರಿ ಅಂತ ನಿಮ್ಮ ಓಣಿಗೆ ಗೊತ್ತು, ಪಂಚಾಯ್ತಿಯ ಕಂಪ್ಯೂಟರಿಗೆ ಗೊತ್ತಿಲ್ಲ. ಮುಂದಿನ ವರ್ಷಕ್ಕೆ ಎಷ್ಟು ಕೆಲಸ ಬೇಕು, ಯಾವ ಕಾಮಗಾರಿ ಬೇಕು ಅನ್ನೋ ಲೆಕ್ಕ ಗ್ರಾಮ ಸಭೆಯಿಂದ ಶುರುವಾಗುತ್ತೆ. ಆ ಸಭೆಗೆ ನೀವು ಒಂದು ಸಲವಾದರೂ ಹೋಗಿದ್ದೀರಾ? ನಾನು ಆ ವರ್ಷದವರೆಗೆ ಹೋಗಿರಲಿಲ್ಲ.

2021ರ ಜನವರಿಯಲ್ಲಿ ಮತ್ತೆ ಕೇಳಿದೆವು. ಈ ಸಲ ನಮೂನೆ 6, ಎರಡು ಪ್ರತಿ, ತಾರೀಖು ನಮ್ಮ ಕೈಯಿಂದಲೇ. ಹನ್ನೆರಡು ಜನ ಕೂಡಿ ಹೋದೆವು, ಯಾಕಂದರೆ ಆಗ ಹೊಸ ಕಾಮಗಾರಿ ಶುರು ಮಾಡಲು ಕನಿಷ್ಠ ಹತ್ತು ಆಳು ಬೇಕಿತ್ತು. ಕೆಲಸವನ್ನೂ ಕನಿಷ್ಠ 14 ದಿನಕ್ಕೆ ಕೇಳಬೇಕಿತ್ತು. ‘ಸೀಲು ಹಾಕಿ ಕೊಡ್ರಿ, ಅಲ್ಲೀತನಕ ಇಲ್ಲೇ ಕುಂದರ್ತೀವಿ’ ಅಂದೆವು. ಜಗಳ ಆಡಲಿಲ್ಲ, ಸುಮ್ನೆ ಕೂತೆವು. ಮಧ್ಯಾಹ್ನ ಮೂರಕ್ಕೆ ಸೀಲು ಬಿತ್ತು. ಹನ್ನೊಂದನೇ ದಿನ ಬದು ಹಾಕುವ ಕೆಲಸ ಶುರುವಾಯಿತು. ಓದು ಬರಹ ಬರುತ್ತೆ ಅಂತ ನನ್ನನ್ನು ಕಾಯಕ ಬಂಧು ಮಾಡಿದರು. ಗುಂಪಿನ ಹಾಜರಿ, ಅಳತೆಯ ಗುರುತು, ಎಲ್ಲ ನನ್ನ ಕೈಯಲ್ಲಿ. ಡಿಗ್ರಿ ಓದಿ ಗುದ್ದಲಿ ಹಿಡಿಯೋದಾ ಅಂತ ನಿಮಗೆ ಅನ್ನಿಸುತ್ತಿರಬಹುದು. ನನ್ನ ಡಿಗ್ರಿ ಊರಿಗೆ ಮೊದಲು ಉಪಯೋಗಕ್ಕೆ ಬಂದದ್ದೇ ಆ ಬದುವಿನ ಮೇಲೆ.

ಬೆಂಗಳೂರಿಗೆ ಹೋಗಬೇಡಿ ಅಂತ ಹೇಳಲ್ಲ. ಆಗ ವರ್ಷಕ್ಕೆ ಒಂದು ಮನೆಗೆ 100 ದಿನದ ಕೆಲಸ ಇತ್ತು, ಅಷ್ಟರಲ್ಲಿ ಜೀವನ ಪೂರ್ತಿ ನಡೆಯಲ್ಲ, ಅದು ನನಗೂ ಗೊತ್ತು. ಆದರೆ ಕೈಯಲ್ಲಿ ಕಾಸಿಲ್ಲದೆ ಹೋದವನು ಸಿಕ್ಕ ಮೊದಲ ಕೆಲಸಕ್ಕೆ ತಲೆ ಕೊಡುತ್ತಾನೆ. ನಾನು ಗೋಡೌನಿಗೆ ಸೇರಿದ್ದು ಹಾಗೇ. ನಾಲ್ಕು ತಿಂಗಳ ಕೂಲಿ ಕೈಯಲ್ಲಿದ್ದರೆ ಪರೀಕ್ಷೆಗೆ ಓದಬಹುದು, ನಿಧಾನವಾಗಿ ಕೆಲಸ ಹುಡುಕಬಹುದು. ಓದಲು ಪಂಚಾಯ್ತಿಯ ಗ್ರಂಥಾಲಯ ಇದೆ, ಈಗ ಅರಿವು ಕೇಂದ್ರ ಅಂತಾರೆ. ಅಲ್ಲಿಗೂ ಹೋಗಿ ನೋಡಿ.

ಇನ್ನೊಂದು ವಿಷಯ. 2025ರ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತ್ರಿ ಕಾಯ್ದೆಯ ಬದಲಿಗೆ ಹೊಸ ಕಾಯ್ದೆ ಪಾಸು ಮಾಡಿತು. ಅದರಲ್ಲಿ 125 ದಿನ, ಆದರೆ ಬಿತ್ತನೆ, ಕೊಯ್ಲಿನ ಹೊತ್ತಿನಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸುವ ಅವಕಾಶವನ್ನೂ ಇಟ್ಟಿದ್ದಾರೆ. ಅಂದರೆ ಯಾವ ತಿಂಗಳು ಅರ್ಜಿ ಕೊಡುತ್ತೀರಿ ಅನ್ನೋದು ಮೊದಲಿಗಿಂತ ಜಾಸ್ತಿ ಮುಖ್ಯ. ಮೊದಲು ಹೋಗಿ ಈಗ ಯಾವ ನಮೂನೆ ನಡೆಯುತ್ತಿದೆ ಅಂತ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಕೇಳಿ. ಕೆರೆ ಒಣಗಿರುವಾಗಲೇ ಹತ್ತು ಜನರನ್ನು ಕೂಡಿಸಿ. ರಸೀದಿ ಕೊಡಲ್ಲ ಅಂದರೆ ಇಲ್ಲೇ ಕೆಳಗೆ ಬರೆಯಿರಿ. ತಾಲ್ಲೂಕಿಗೆ ಕೊಡುವ ಅರ್ಜಿಯ ಒಕ್ಕಣೆ ನಾನೇ ಬರೆದು ಕೊಡುತ್ತೇನೆ.