ಹಳೇ ಪತ್ರಿಕೆಗಳಿಗೆ ಲ್ಯಾಮಿನೇಷನ್ ಬೇಡ

ಊರಿನ ಹಳೇ ಲೈಬ್ರರಿಯಲ್ಲಿರುವ ಪತ್ರಿಕೆಗಳು ಮುಟ್ಟಿದರೆ ಪುಡಿಯಾಗುತ್ತಿವೆ, ಲ್ಯಾಮಿನೇಷನ್ ಮಾಡಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಬಿಸಿ ಪ್ಲಾಸ್ಟಿಕ್ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ತುಂಬಾ ಕಷ್ಟ, ಒಳಗೆ ಕಾಗದ ಹಾಳಾಗುತ್ತಲೇ ಇರುತ್ತದೆ. ಪತ್ರಿಕೆಯ ಕಾಗದ ಮರದ ತಿರುಳಿನದು. ಅದರಲ್ಲಿರುವ ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡುವ ವಸ್ತು), ಆಮ್ಲ ಎರಡೂ ಸೇರಿ ಅದನ್ನು ಹಳದಿಯಾಗಿಸಿ ಪುಡಿ ಮಾಡುತ್ತವೆ. 1800ಕ್ಕಿಂತ ಹಿಂದೆ ಚಿಂದಿ ಬಟ್ಟೆಯಿಂದ ಮಾಡಿದ ಕಾಗದವೇ ಎಷ್ಟೋ ಸಲ ಇದಕ್ಕಿಂತ ಗಟ್ಟಿ ಇರುತ್ತದೆ, ಆಶ್ಚರ್ಯ ಅಲ್ವಾ? ಸೆಲ್ಲೋಟೇಪ್ ಕೂಡ ಹಚ್ಚಬೇಡಿ, ಅದರ ಅಂಟು ಕಂದು ಕಲೆ ಬಿಡುತ್ತದೆ.

ಮೊದಲು ಫ್ಲಾಶ್ ಇಲ್ಲದೆ ಪ್ರತಿ ಪುಟದ ಫೋಟೊ ತೆಗೆಯಿರಿ. ಕೈಗವಸು ಬೇಕಿಲ್ಲ, ತೊಳೆದು ಒರೆಸಿದ ಕೈ ಸಾಕು. ಗವಸು ಹಾಕಿದರೆ ಅಂಚು ಹರಿಯುವುದೇ ಜಾಸ್ತಿ. ಆಮ್ಲವಿಲ್ಲದ ರಟ್ಟಿನ ಡಬ್ಬಿಯಲ್ಲಿ ಮಲಗಿಸಿ, ಬಿಸಿಲು ಬೀಳದ ಕಡೆ ಇಡಿ. ಉದುರಿದ ತುಂಡುಗಳನ್ನು ಎಸೆಯದೆ, ಸಂಚಿಕೆಯ ತಾರೀಕು ಬರೆದ ಲಕೋಟೆಗೆ ಹಾಕಿ.